ದೈತ್ಯ ರೋಬೋಟಿಗೂ ತೂಕದ ಮಿತಿ ಇದೆ: 'ಆರ್ಮರ್ಡ್ ಕೋರ್' ಆಟ ಬೆಳೆದ ಬಗೆ



ಕಳೆದ ತಿಂಗಳು ಭೌತಶಾಸ್ತ್ರ ಪ್ರಯೋಗಾಲಯದ ಹೊರಗೆ ಇಬ್ಬರು ಹುಡುಗರು ಒಂದೇ ಮೊಬೈಲಿಗೆ ತಲೆ ಹಚ್ಚಿ ನಿಂತಿದ್ದರು. ಪರದೆಯ ಮೇಲೆ ಮನೆಗಿಂತ ಎತ್ತರದ ರೋಬೋಟುಗಳು ಕಾದಾಡುತ್ತಿದ್ದವು. ನನ್ನನ್ನು ಕಂಡ ಕೂಡಲೇ ಮೊಬೈಲ್ ಕಿಸೆ ಸೇರಿತು. ಆದರೆ ಸೊನ್ನದ ಕಡೆಯಿಂದ ಬರುವ ಹುಡುಗ ಧೈರ್ಯ ಮಾಡಿ ಕೇಳಿದ: "ಸರ್, ರೋಬೋಟ್ ದೊಡ್ಡದಿದ್ದಷ್ಟು ಜೋರ್ ಇರ್ತದಲ್ರಿ? ಮತ್ತ ಸಣ್ಣದು ಹ್ಯಾಂಗ ಗೆಲ್ತು?"

ಮೊಬೈಲಿನ ನಿಯಮದ ಮಾತು ಆಮೇಲೆ ಆಡಿದೆ. ಪ್ರಶ್ನೆ ಮಾತ್ರ ಒಳ್ಳೆಯದಿತ್ತು. ಅದಕ್ಕೆ ಉತ್ತರವೇ ಈ ಲೇಖನ.

ಆಟ ಹುಟ್ಟಿದ್ದು ಹೇಗೆ?

ಅವರು ನೋಡುತ್ತಿದ್ದುದು 'ಆರ್ಮರ್ಡ್ ಕೋರ್' ಎಂಬ ಜಪಾನಿನ ವಿಡಿಯೊ ಗೇಮ್ ಸರಣಿಯ ಒಂದು ಆಟ. ದೈತ್ಯ ರೋಬೋಟಿನ ಕಥೆಗಳಿಗೆ ಜಪಾನಿನಲ್ಲಿ ಹಳೆಯ ಪರಂಪರೆ ಇದೆ. 1972ರ 'ಮಾಜಿಂಗರ್ ಝಡ್' ಕಥೆಯಲ್ಲಿ ಹುಡುಗನೊಬ್ಬ ರೋಬೋಟಿನ ತಲೆಯಲ್ಲಿ ಕುಳಿತು ಅದನ್ನು ನಡೆಸುತ್ತಾನೆ. 1979ರ 'ಗಂಡಮ್' ರೋಬೋಟನ್ನು ಅದ್ಭುತ ವೀರನನ್ನಾಗಿ ಅಲ್ಲ, ಸೈನ್ಯದ ಒಂದು ವಾಹನವನ್ನಾಗಿ ತೋರಿಸಿತು. 1982ರ 'ಮ್ಯಾಕ್ರಾಸ್'ನಲ್ಲಿ ಯುದ್ಧವಿಮಾನವೇ ರೋಬೋಟಾಗಿ ಬದಲಾಗುತ್ತದೆ. ಆ ವಿಮಾನವನ್ನು ರೂಪಿಸಿದ ಶೋಜಿ ಕವಾಮೊರಿ ಅವರೇ ಮುಂದೆ ಆರ್ಮರ್ಡ್ ಕೋರಿನ ಯಂತ್ರಗಳಿಗೂ ರೂಪ ಕೊಟ್ಟರು.

ಆಟ ತಯಾರಿಸಿದ ಟೋಕಿಯೊದ 'ಫ್ರಮ್‌ಸಾಫ್ಟ್‌ವೇರ್' ಸಂಸ್ಥೆ 1986ರಲ್ಲಿ ಆರಂಭವಾದಾಗ ಮಾಡುತ್ತಿದ್ದುದು ವ್ಯವಹಾರಕ್ಕೆ ಬೇಕಾದ ತಂತ್ರಾಂಶ. ಅದರ ಮೊದಲ ಆಟ ಬಂದದ್ದು 1994ರಲ್ಲಿ. ಮೂರು ವರ್ಷಗಳ ನಂತರ, 1997ರ ಜುಲೈಯಲ್ಲಿ, ಪ್ಲೇಸ್ಟೇಷನ್ ಯಂತ್ರಕ್ಕಾಗಿ ಆರ್ಮರ್ಡ್ ಕೋರ್ ಬಂತು. ಆ ಯಂತ್ರದ ಮುಖ್ಯ ಮೆಮೊರಿ ಕೇವಲ 2 ಎಂಬಿ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊವೇ ಅದಕ್ಕಿಂತ ದೊಡ್ಡದಿರಬಹುದು! ಅಷ್ಟರಲ್ಲೇ ಮೂರು ಆಯಾಮಗಳ ಯುದ್ಧಭೂಮಿಯನ್ನು ಅವರು ಕಟ್ಟಿದರು. ಮಿತಿಯೊಳಗೆ ಕೆಲಸ ಮಾಡುವುದು ಆಟಗಾರನಿಗಿಂತ ಮೊದಲು ಆಟ ಮಾಡಿದವರಿಗೇ ಬಂದ ಪಾಠ.

ಗ್ಯಾರೇಜಿನ ಲೆಕ್ಕ

ಉಳಿದ ಹೋರಾಟದ ಆಟಗಳಲ್ಲಿ ಸಿದ್ಧವಾದ ವೀರನನ್ನು ಆರಿಸಿಕೊಂಡರೆ ಸಾಕು. ಇಲ್ಲಿ ಹಾಗಲ್ಲ. ತಲೆ, ನಡುಭಾಗ, ತೋಳು, ಕಾಲು, ಶಕ್ತಿ ಕೊಡುವ ಜನರೇಟರ್, ಮುಂದೆ ತಳ್ಳುವ ಬೂಸ್ಟರ್, ಗುರಿ ಹಿಡಿಯುವ ಉಪಕರಣ, ಆಯುಧ – ಪ್ರತಿಯೊಂದನ್ನೂ ಆಟಗಾರನೇ ಆರಿಸಿ ಜೋಡಿಸಬೇಕು. ಯುದ್ಧಕ್ಕಿಂತ ಮೊದಲಿನ ಅರ್ಧ ಆಟ ಗ್ಯಾರೇಜಿನಲ್ಲೇ ನಡೆಯುತ್ತದೆ.

ಆ ಜೋಡಣೆಗೆ ಎರಡು ಕಟ್ಟಳೆಗಳಿವೆ. ಒಂದು, ಕಾಲುಗಳು ಹೊರಬಲ್ಲ ಭಾರಕ್ಕೆ ಮಿತಿ ಇದೆ. ಎರಡು, ಜನರೇಟರ್ ಕೊಡುವ ಶಕ್ತಿಗಿಂತ ಬಿಡಿಭಾಗಗಳು ಬೇಡುವ ಶಕ್ತಿ ಹೆಚ್ಚಾಗಬಾರದು. ದಪ್ಪ ಕವಚ ಹಾಕಿದರೆ ಏಟು ತಡೆಯಬಹುದು, ಆದರೆ ಓಟ ನಿಧಾನವಾಗುತ್ತದೆ. ದೊಡ್ಡ ಜನರೇಟರ್ ಇಟ್ಟರೆ ಅದರ ತೂಕವನ್ನೂ ಕಾಲುಗಳೇ ಹೊರಬೇಕು.

ಇದು ನಮಗೆ ಹೊಸದೇನಲ್ಲ. ಕಬ್ಬಿನ ಸೀಸನ್ನಿನಲ್ಲಿ ಅಫಜಲಪುರದ ರಸ್ತೆಯಲ್ಲಿ ಟ್ರ್ಯಾಕ್ಟರುಗಳನ್ನು ನೋಡಿದ್ದೀರಿ. ಎರಡು ಟ್ರಾಲಿ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತುವಾಗ ಮುಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಎಂಜಿನ್ನಿಗೆ ಎಳೆಯುವ ಶಕ್ತಿ ಇದ್ದರೂ ತಿರುಗಿಸುವ ಹಿಡಿತ ಹೋಯಿತು. ಭಾರ ಎಷ್ಟು ಎಂಬುದರಷ್ಟೇ ಭಾರ ಎಲ್ಲಿದೆ ಎಂಬುದೂ ಮುಖ್ಯ.

ಕಾಲುಗಳ ಭೌತಶಾಸ್ತ್ರ

ಆಟದಲ್ಲಿ ಹಲವು ಬಗೆಯ ಕಾಲುಗಳಿವೆ. ಮನುಷ್ಯನಂಥ ಎರಡು ಕಾಲು, ಹಕ್ಕಿಯಂತೆ ಹಿಂದಕ್ಕೆ ಬಾಗುವ ಕಾಲು, ನಾಲ್ಕು ಕಾಲು, ಟ್ಯಾಂಕಿನ ಪಟ್ಟಿ. ಹಿಂದಕ್ಕೆ ಬಾಗುವ ಕಾಲು ಎತ್ತರಕ್ಕೆ ಜಿಗಿಯುತ್ತದೆ. ಟ್ಯಾಂಕ್ ಪಟ್ಟಿ ಹೆಚ್ಚು ಭಾರ ಹೊರುತ್ತದೆ.

ಮೊದಲ ಆಟದಲ್ಲಿ ಎರಡು ಕಾಲಿನ ಯಂತ್ರ ಬೆನ್ನಿನ ಮೇಲಿನ ದೊಡ್ಡ ತೋಪು ಹಾರಿಸಬೇಕಾದರೆ ಸಾಮಾನ್ಯವಾಗಿ ಮಂಡಿಯೂರಿ ಕೂರಬೇಕು. ಟ್ಯಾಂಕ್ ಕಾಲು ಮತ್ತು ನಾಲ್ಕು ಕಾಲಿನ ಯಂತ್ರ ಚಲಿಸುತ್ತಲೇ ಹಾರಿಸಬಲ್ಲವು. ಇದರ ಹಿಂದಿನ ತರ್ಕ ನ್ಯೂಟನ್ನನ ಮೂರನೆಯ ನಿಯಮ. ಗುಂಡು ಮುಂದೆ ಹೋದರೆ ತೋಪು ಹಿಂದೆ ಒದೆಯುತ್ತದೆ. ಆ ಒದೆತಕ್ಕೆ ಬೀಳದೆ ನಿಲ್ಲಬೇಕಾದರೆ ತಳ ಅಗಲವಾಗಿರಬೇಕು, ಗುರುತ್ವ ಕೇಂದ್ರ ಕೆಳಗಿರಬೇಕು. ಮಂಡಿಯೂರಿದಾಗ ಆಗುವುದು ಅದೇ.

ಸರಣಿ ಬೆಳೆದ ಹಂತಗಳು

ಬಿಡಿಭಾಗಗಳ ಕಟ್ಟಳೆ ಹಾಗೆಯೇ ಉಳಿಯಿತು. ಅದರ ಸುತ್ತಲಿನ ಆಟ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬದಲಾಯಿತು.

2000ರಲ್ಲಿ ಪ್ಲೇಸ್ಟೇಷನ್ 2ರ ಜೊತೆ ಎರಡನೆಯ ಆಟ ಬಂತು. ಮೆಮೊರಿ ಈಗ 32 ಎಂಬಿ. 2002ರಲ್ಲಿ ಮೂರನೆಯದು ಬಂತು. ಮೊದಲ ಆಟದ ಕಾಲದಲ್ಲಿ ಕೈಯಲ್ಲಿ ಹಿಡಿಯುವ ನಿಯಂತ್ರಕಕ್ಕೆ ಬರೀ ಗುಂಡಿಗಳಿದ್ದವು. ಮೇಲೆ ಕೆಳಗೆ ನೋಡಲು ಬೆರಳುಗಳ ಕಸರತ್ತು ಬೇಕಿತ್ತು. 2004ರ 'ನೆಕ್ಸಸ್' ಆಟ ಎರಡು ಕಡ್ಡಿಗಳ ನಿಯಂತ್ರಣ ತಂದಿತು: ಒಂದರಿಂದ ನಡೆಯುವುದು, ಇನ್ನೊಂದರಿಂದ ನೋಡುವುದು.

ಅದೇ 2004ರಲ್ಲಿ 29 ವರ್ಷದ ಹಿದೆತಾಕ ಮಿಯಾಜಾಕಿ ಬೇರೆ ಕಂಪನಿಯ ಕೆಲಸ ಬಿಟ್ಟು ಈ ಸಂಸ್ಥೆಗೆ ಸೇರಿದರು. ಎರಡೇ ವರ್ಷದಲ್ಲಿ ಅವರು ನಾಲ್ಕನೆಯ ಆಟದ ನಿರ್ದೇಶಕರಾದರು. ಅವರ ಯಂತ್ರಗಳು ಕ್ಷಣಾರ್ಧದಲ್ಲಿ ಪಕ್ಕಕ್ಕೆ ಚಿಮ್ಮುತ್ತಿದ್ದವು. 2008ರ 'ಫಾರ್ ಆನ್ಸರ್' ಆಟದಲ್ಲಿ ನಡೆದಾಡುವ ಕೋಟೆಗಳೇ ಎದುರಾಳಿ. ಆ ಕೋಟೆಗಳ ಎದುರು ಆಟಗಾರನ ರೋಬೋಟ್ ನೊಣದಂತೆ. ಆದರೂ ಚುರುಕಿನಿಂದ ಗೆಲ್ಲುವುದು ನೊಣವೇ. ನಮ್ಮ ಹುಡುಗನ ಪ್ರಶ್ನೆಗೆ ಮೊದಲ ಉತ್ತರ ಇಲ್ಲೇ ಸಿಕ್ಕಿತು.

2012ರ ಐದನೆಯ ಆಟ ಇನ್ನೊಂದು ತಿರುವು ತೆಗೆದುಕೊಂಡಿತು. ರೋಬೋಟುಗಳ ಎತ್ತರವನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸಿ, ತಂಡವಾಗಿ ಹೋರಾಡುವುದಕ್ಕೆ ಒತ್ತು ಕೊಟ್ಟಿತು. 2013ರ 'ವರ್ಡಿಕ್ಟ್ ಡೇ' ನಂತರ ಸರಣಿ ಹತ್ತು ವರ್ಷ ಸುಮ್ಮನಾಯಿತು. ಆ ಅವಧಿಯಲ್ಲಿ ಸಂಸ್ಥೆ 'ಬ್ಲಡ್‌ಬೋರ್ನ್', 'ಸೆಕಿರೊ', 'ಎಲ್ಡನ್ ರಿಂಗ್' ಎಂಬ ಬೇರೆ ಆಟಗಳಿಂದ ಜಗತ್ಪ್ರಸಿದ್ಧವಾಯಿತು. 2023ರ ಆಗಸ್ಟ್ 25ರಂದು ಆರನೆಯ ಆಟ ಬಂತು. ನಿರ್ದೇಶಕರು ಸೆಕಿರೊ ತಂಡದಲ್ಲಿದ್ದ ಮಸಾರು ಯಮಮುರ. ಇದರಲ್ಲಿ ಬಿಡದೆ ಏಟು ಬಿದ್ದ ಯಂತ್ರ ತೂಕ ತಪ್ಪಿ ಕೆಲವು ಕ್ಷಣ ನಿಂತುಬಿಡುತ್ತದೆ. ಸಮತೋಲನ ಕೆಡಿಸಿದವನೇ ಗೆಲ್ಲುತ್ತಾನೆ.

ನಿಜವಾದ ದೈತ್ಯನನ್ನು ಕಟ್ಟಬಹುದೇ?

ಈಗ ಲೆಕ್ಕ ಮಾಡೋಣ. 1.8 ಮೀಟರ್ ಎತ್ತರ, 70 ಕಿಲೋ ತೂಕದ ಮನುಷ್ಯನನ್ನು ಅದೇ ಆಕಾರದಲ್ಲಿ ಹತ್ತು ಪಟ್ಟು ಹಿಗ್ಗಿಸಿ. ಎತ್ತರ 18 ಮೀಟರ್. ಉದ್ದ, ಅಗಲ, ದಪ್ಪ ಮೂರೂ ಹತ್ತು ಪಟ್ಟು ಆದ್ದರಿಂದ ಗಾತ್ರ ಮತ್ತು ತೂಕ 1,000 ಪಟ್ಟು, ಅಂದರೆ 70 ಟನ್. ಆದರೆ ಭಾರ ಹೊರುವ ಮೂಳೆಯ ಅಡ್ಡಕೊಯ್ತ ಮತ್ತು ಪಾದದ ವಿಸ್ತೀರ್ಣ ಬೆಳೆಯುವುದು 100 ಪಟ್ಟು ಮಾತ್ರ. ಹಾಗಾಗಿ ಪ್ರತಿ ಚದರ ಸೆಂಟಿಮೀಟರ್ ಮೂಳೆ ಹತ್ತು ಪಟ್ಟು ಹೆಚ್ಚು ಭಾರ ಹೊರಬೇಕು. ನೆಲದ ಮೇಲಿನ ಒತ್ತಡವೂ ಹತ್ತು ಪಟ್ಟು. ಮಳೆಗಾಲದಲ್ಲಿ ಭೀಮಾ ದಂಡೆಯ ಎರೆ ಹೊಲದಲ್ಲಿ ಅಂಥ ರೋಬೋಟ್ ನಿಂತರೆ ಏನಾದೀತು? ಅದೇ ಹೊಲದಲ್ಲಿ ಕಾಲು ಹೂತು ಚಪ್ಪಲಿ ಕಳೆದುಕೊಂಡವರು ಯಾರೂ ಇದಕ್ಕೆ ಉತ್ತರ ಹೇಳಬಲ್ಲರು.

ಜಪಾನಿನ ಯೊಕೊಹಾಮದಲ್ಲಿ 18 ಮೀಟರ್ ಎತ್ತರದ, ಕೈಕಾಲು ಆಡಿಸುವ ಗಂಡಮ್ ಪ್ರತಿಮೆಯನ್ನು 2020ರ ಕೊನೆಯಿಂದ 2024ರ ಮಾರ್ಚ್‌ವರೆಗೆ ಪ್ರದರ್ಶಿಸಿದರು. ಹಗುರ ಮಾಡಿ ಮಾಡಿ ಅದರ ತೂಕವನ್ನು ಸುಮಾರು 25 ಟನ್‌ಗೆ ತಂದಿದ್ದರು. ಆದರೂ ಅದು ತನ್ನ ಕಾಲಿನ ಮೇಲೆ ತಾನು ನಿಲ್ಲಲಿಲ್ಲ. ಹಿಂದಿನಿಂದ ಒಂದು ಚೌಕಟ್ಟು ಸೊಂಟ ಹಿಡಿದುಕೊಂಡಿತ್ತು. ದೊಡ್ಡದಾಗುವುದಕ್ಕೆ ಪ್ರಕೃತಿ ಇಷ್ಟು ಬೆಲೆ ಕೇಳುತ್ತದೆ.

ಸೋತ ಮೇಲೆ ಏನು?

ಮೊದಲ ಆಟದಲ್ಲಿ ರಿಪೇರಿ ಮತ್ತು ಗುಂಡಿನ ಖರ್ಚು ಗಳಿಕೆಯಿಂದ ಕಡಿತವಾಗುತ್ತಿತ್ತು. ಸಾಲ 50,000 ದಾಟಿದರೆ ಆಟಗಾರನ ದೇಹವನ್ನೇ ಪ್ರಯೋಗಕ್ಕೆ ಒಳಪಡಿಸಿ, ಕಥೆಯನ್ನು ಮೊದಲಿನಿಂದ ಆರಂಭಿಸುತ್ತಿದ್ದರು. ಆರನೆಯ ಆಟ ಬೇರೆ ದಾರಿ ಹಿಡಿದಿದೆ. ಸೋತ ಜಾಗದಿಂದಲೇ ಮತ್ತೆ ಹೊರಡುವ ಮೊದಲು, ಕೈಯಲ್ಲಿರುವ ಬಿಡಿಭಾಗಗಳನ್ನು ಬದಲಿಸಿ ಜೋಡಿಸಲು ಅವಕಾಶವಿದೆ. ಅದೇ ಜೋಡಣೆಯಲ್ಲಿ ಹತ್ತು ಸಲ ಸೋತವನಿಗೆ ಆಟ ಹೇಳುವುದು ಇಷ್ಟೇ: ನೀನು ದುರ್ಬಲನಲ್ಲ, ನಿನ್ನ ಜೋಡಣೆ ತಪ್ಪಿದೆ.

ಇದನ್ನು ಬರೆಯಲು ಕಾರಣವಿದೆ. ಮೊದಲ ಕಿರುಪರೀಕ್ಷೆಯ ಅಂಕ ಬಂದ ದಿನ ಅದೇ ಹುಡುಗ ಬಂದು, "ಸರ್, ಫಿಜಿಕ್ಸ್ ನನ್ನ ಕೈಲಿಂದ ಆಗಂಗಿಲ್ರಿ, ಕಾಲೇಜ್ ಬಿಡ್ತೀನ್ರಿ" ಎಂದ. ಅವನ ದಿನದ ಲೆಕ್ಕ ಕೇಳಿದೆ. ಬೆಳಿಗ್ಗೆ ಎದ್ದರೆ ಎಮ್ಮೆ ಹಾಲು ಹಿಂಡುವುದು, ನಂತರ ಬಸ್ಸು, ತರಗತಿ, ಸಂಜೆ ಅಪ್ಪನ ಅಂಗಡಿ. ರಾತ್ರಿ ಹತ್ತಕ್ಕೆ ಪುಸ್ತಕ ತೆರೆದು, ಎಲ್ಲಕ್ಕಿಂತ ಕಷ್ಟದ ವಿಷಯ ಓದುತ್ತಿದ್ದ. ಜನರೇಟರ್ ಖಾಲಿಯಾದ ಮೇಲೆ ದೊಡ್ಡ ತೋಪು ಹಾರಿಸಲು ಹೊರಟಂತೆ!

ಅಂಗಡಿಯನ್ನಾಗಲಿ ಎಮ್ಮೆಯನ್ನಾಗಲಿ ಬಿಡು ಎಂದು ನಾನು ಹೇಳಲಾರೆ. ಅದು ಅವನ ಮನೆ ಹೊತ್ತ ಭಾರ. ಆದರೆ ಭೌತಶಾಸ್ತ್ರದ ಲೆಕ್ಕಗಳನ್ನು ಬೆಳಗಿನ ಬಸ್ಸಿಗೆ ಮೊದಲಿನ ಅರ್ಧ ಗಂಟೆಗೆ ತಂದೆವು. ರಾತ್ರಿಗೆ ಬರೆದು ಅಭ್ಯಾಸ ಮಾಡುವ ಭಾಷಾ ವಿಷಯ ಇಟ್ಟೆವು. ಫಲ ಏನೆಂದು ಮುಂದಿನ ಪರೀಕ್ಷೆ ಹೇಳಬೇಕು. ಸದ್ಯಕ್ಕೆ ಅವನು ಕಾಲೇಜು ಬಿಟ್ಟಿಲ್ಲ, ಲೆಕ್ಕ ಕೇಳಲು ದಿನಾ ಬರುತ್ತಿದ್ದಾನೆ.

ಆಟ ತಯಾರಿಸುವ ಕೆಲಸವೂ ನಿಮಗೆ ದೂರದ್ದಲ್ಲ. ಆರ್ಮರ್ಡ್ ಕೋರ್ ಬಂದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 'ಧ್ರುವ ಇಂಟರ್ಯಾಕ್ಟಿವ್' ಎಂಬ ಗೇಮ್ ಸಂಸ್ಥೆ ಕಟ್ಟಿದರು. 2019ರಲ್ಲಿ ಅದನ್ನು ಅಮೆರಿಕದ ಪ್ರಸಿದ್ಧ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅಂಥಲ್ಲಿ ಬೇಕಾಗುವುದು ಸದಿಶ, ಬಲ, ಸಂವೇಗ – ನಿಮ್ಮ ಪಠ್ಯಪುಸ್ತಕದಲ್ಲೇ ಇರುವ ಪಾಠಗಳು.

ಅಭ್ಯಾಸಕ್ಕೆ

1. ಮನುಷ್ಯನ ಎರಡು ಪಾದಗಳ ಒಟ್ಟು ವಿಸ್ತೀರ್ಣ 0.04 ಚದರ ಮೀಟರ್ ಎಂದುಕೊಂಡು, ಮೇಲಿನ ಮನುಷ್ಯ ಮತ್ತು 18 ಮೀಟರ್ ದೈತ್ಯ ನೆಲದ ಮೇಲೆ ಹಾಕುವ ಒತ್ತಡ ಕಂಡುಹಿಡಿಯಿರಿ. (ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿಯಿರಿ.)

2. ದೈತ್ಯನಿಗೆ ಟ್ಯಾಂಕ್ ಪಟ್ಟಿ ಜೋಡಿಸಿ ನೆಲ ಮುಟ್ಟುವ ವಿಸ್ತೀರ್ಣವನ್ನು 20 ಚದರ ಮೀಟರಿಗೆ ಏರಿಸಿದರೆ ಒತ್ತಡ ಎಷ್ಟಾಗುತ್ತದೆ?

3. ನಿಮ್ಮ ಒಂದು ದಿನದ ಕೆಲಸಗಳ ಪಟ್ಟಿ ಮಾಡಿ. ಅತಿ ಭಾರದ ಕೆಲಸ ಯಾವ ಹೊತ್ತಿನಲ್ಲಿದೆ? ಬದಲಿಸಬಹುದಾದ ಒಂದು ಭಾಗ ಯಾವುದು?

ಮೊದಲೆರಡರ ಉತ್ತರ ಬರೆದು ತಂದು ತೋರಿಸಿ. ಮೂರನೆಯದರ ಉತ್ತರ ನಿಮ್ಮಲ್ಲೇ ಇರಲಿ.