ಪಿಕಳಾರದ ಮರಿ ಗೂಡು ಬಿಡುವ ಹೊತ್ತು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಹಿತ್ತಲಲ್ಲಿ ಹಕ್ಕಿಗಳಿಗೆ ಬಾಣಂತನದ ಕಾಲ. ದಾಸವಾಳ, ನಿಂಬೆ, ಕರಿಬೇವಿನ ಗಿಡದೊಳಗೆ ಸ್ವಲ್ಪ ಬಗ್ಗಿ ನೋಡಿ. ಎದೆಮಟ್ಟದಲ್ಲೇ ಪುಟ್ಟ ಬಟ್ಟಲಿನಂಥ ಗೂಡು ಸಿಕ್ಕರೆ ಅದು ಬಹುಶಃ ಪಿಕಳಾರದ್ದು. ತಾಯಿಹಕ್ಕಿಗೆ ತಲೆ ಮೇಲೆ ಚೂಪು ಜುಟ್ಟು, ಕಣ್ಣ ಹಿಂದೆ ಕೆಂಪು ಚುಕ್ಕೆ ಇದ್ದರೆ ಕೆಮ್ಮೀಸೆ ಪಿಕಳಾರ ಎಂದು ತಿಳಿಯಿರಿ.

ಹಕ್ಕಿಮರಿಗಳೆಲ್ಲ ಒಂದೇ ಥರ ಅಲ್ಲ. ನಮ್ಮ ಆದಿಚುಂಚನಗಿರಿಯ ನವಿಲನ್ನೇ ತಗೊಳ್ಳಿ (1981ರಲ್ಲಿ ಇದು ನವಿಲುಧಾಮವಾಯಿತು). ಹೆಣ್ಣು ನವಿಲು ನೆಲದ ಮೇಲೆ ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ಮರಿ ಹೊರಬಂದಾಗಲೇ ಕಣ್ಣು ಬಿಟ್ಟಿರುತ್ತದೆ, ಮೈತುಂಬ ತುಪ್ಪುಳ. ಕೋಳಿಮರಿ ಹಾಗೆ ತಾಯಿ ಹಿಂದೆ ಓಡುತ್ತದೆ. ಪಿಕಳಾರದ ಕಥೆ ಬೇರೆ. ಎರಡೋ ಮೂರೋ ಮೊಟ್ಟೆ, ಕಾವು 12ರಿಂದ 14 ದಿನ. ಹುಟ್ಟಿದ ಮರಿಗೆ ಗರಿಯಿಲ್ಲ, ಕಣ್ಣು ತೆರೆದಿಲ್ಲ, ಬಾಯೊಂದೇ ದೊಡ್ಡದು! ತಾವು ಹಣ್ಣು ತಿನ್ನುವ ಅಪ್ಪ ಅಮ್ಮ ಮರಿಗೆ ಮಾತ್ರ ಹುಳು ಹುಡುಕಿ ತಂದು ತುರುಕುತ್ತವೆ. ಮೈ ಬೆಳೆಯಲು ಸಸಾರಜನಕ ಬೇಕಲ್ಲ. ಮತ್ತೆ ಹನ್ನೆರಡು ಹದಿಮೂರು ದಿನಕ್ಕೆ ಗೂಡು ಖಾಲಿ.

ಆಗಿನ್ನೂ ರೆಕ್ಕೆ ಪೂರಾ ಬಲಿತಿರಲ್ಲ. ಬಾಲ ಮೋಟು, ಕಣ್ಣ ಹಿಂದಿನ ಕೆಂಪೂ ಮೂಡಿರಲ್ಲ. ಇಷ್ಟು ಅವಸರ ಯಾಕೆ ಅಂದರೆ, ಗೂಡಲ್ಲಿ ಮೂರೂ ಒಟ್ಟಿಗಿದ್ದಾಗ ಒಂದು ಹಾವೋ ಕೆಂಬೂತವೋ ಬಂದರೆ ಮೂರೂ ಹೋದವು. ಬೇರೆ ಬೇರೆ ಕೊಂಬೆಗೆ ಚದುರಿದರೆ ಒಂದಾದರೂ ಉಳಿದೀತು. ಅಪ್ಪ ಅಮ್ಮ ಮರಿಯ ಕೂಗು ಹಿಡಿದು ಹೋಗಿ ಇನ್ನೂ ಕೆಲವು ದಿನ ಉಣಿಸುತ್ತವೆ.

ನೆಲದಲ್ಲಿ ಕುಪ್ಪಳಿಸುವ ಇಂಥ ಮರಿ ಕಂಡರೆ ನಮ್ಮ ಹುಡುಗರು "ಪಾಪ, ಬಿದ್ದೋಗದೆ ಕಣ್ಲಾ" ಅಂತ ರಟ್ಟಿನ ಡಬ್ಬಕ್ಕೆ ಹಾಕಿ ಹಾಲು, ಅನ್ನ ಕೊಡುತ್ತಾರೆ. ಹಕ್ಕಿಗೆ ಹಾಲು ಅರಗುವುದಿಲ್ಲ. ಗರಿ ಬಂದ ಮರಿಯಾದರೆ ಬಿಟ್ಟುಬಿಡಿ, ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಬೆಕ್ಕು ಓಡಾಡುವ ಜಾಗವಾದರೆ ಪಕ್ಕದ ಪೊದೆ ಮೇಲೆ ಕೂರಿಸಿ ದೂರ ಬನ್ನಿ. ಗರಿಯೇ ಇಲ್ಲದ್ದು ಬಿದ್ದಿದ್ದರೆ ಮೆಲ್ಲಗೆ ಗೂಡಿಗೇ ಹಾಕಿ. "ಮನುಷ್ಯ ಮುಟ್ಟಿದ್ರೆ ತಾಯಿ ಸೇರ್ಸಲ್ಲ" ಎನ್ನುವ ಅಜ್ಜಿಯರ ಮಾತು ನಿಜವಲ್ಲ. ಕೈವಾಸನೆಗೆ ಹೆದರಿ ಮರಿ ಬಿಟ್ಟುಹೋಗುವ ಹಕ್ಕಿ ಅದಲ್ಲ.

ಈಗ ಫೋಟೋ ವಿಚಾರ. ಮನೆಮನೆಯಲ್ಲೂ ಮೊಬೈಲ್ ಇದೆ. ಗೂಡು ಚೆನ್ನಾಗಿ ಕಾಣಲಿ ಅಂತ ಅಡ್ಡದ ಎಲೆ ಕಿತ್ತರೆ ಮರಿಗೆ ಬಿಸಿಲು ಬಡಿಯುತ್ತದೆ, ಕಾಗೆಗೆ ದಾರಿ ತೋರಿಸಿದಂತೆಯೂ ಆಗುತ್ತದೆ. ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಎಷ್ಟೊಂದು ಹಕ್ಕಿಗಳ ಫೋಟೋ ತೆಗೆದರು! ಅದಕ್ಕೆ ಬೇಕಾಗಿದ್ದು ಕಾಯುವ ತಾಳ್ಮೆ. ಹುಟ್ಟಿ ಎಂಟೊಂಬತ್ತು ದಿನ ಕಳೆದ ಮೇಲಂತೂ ಗೂಡಿನ ಹತ್ತಿರ ಹೋಗಲೇಬಾರದು. ಬೆದರಿದ ಮರಿಗಳು ಹೊತ್ತಿಗೆ ಮುಂಚೆಯೇ ಹಾರಿ ಬೀಳುತ್ತವೆ. ಮನೆ ಕಿಟಕಿಯ ಒಳಗಿಂದ, ಬೆಳಕು ನಿಮ್ಮ ಬೆನ್ನಿಗಿರುವಾಗ, ಫ್ಲಾಶ್ ಇಲ್ಲದೆ ತೆಗೆಯಿರಿ. ತಾಯಿ ಕೊಕ್ಕಲ್ಲಿ ಹುಳು ಹಿಡಿದು, ಗೂಡಿಗೆ ಬಾರದೆ, ದೂರದಲ್ಲೇ ಕೂಗುತ್ತಿದ್ದರೆ ನೀವು ತೀರಾ ಹತ್ತಿರವಿದ್ದೀರಿ. ಎದ್ದು ಹಿಂದೆ ಸರಿಯಿರಿ. ಮರಿ ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯತೊಡಗಿದರೆ ಹೊರಡುವ ಗಳಿಗೆ ಹತ್ತಿರ ಬಂತು.

ಗೂಡು ಕಂಡವರು ಗಿಡದ ಹೆಸರು, ಮರಿಯಾದ ದಿನ, ಗೂಡು ಖಾಲಿಯಾದ ದಿನ ಬರೆದು ತನ್ನಿ, ಮುಂದಿನ ಸಂಚಿಕೆಗೆ ಹಾಕೋಣ. ಯಾರ ಹಿತ್ತಲು ಅಂತ ಮಾತ್ರ ಈ ಗೋಡೆ ಮೇಲೆ ಬರೆಯುವುದು ಬೇಡ.