ಐರನ್ ಅಂದ್ರೆ ಏನು?

ಭದ್ರಾವತಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋಕೆ ಹೋಗೋರು ‘ಐರನ್’ ಪದದಿಂದಲೇ ಶುರು ಮಾಡಿ. ‘ಐರನ್ ಈಸ್ ಎ ಮೆಟಲ್’ ಅಂತ ಬಾಯಿಪಾಠ ಮಾಡಿಸಿದರೆ ಮಗು ತಲೆ ಆಡಿಸುತ್ತೆ, ಅಷ್ಟೆ. (ಮೊದಲ ಸೆಮಿಸ್ಟರ್‌ನಲ್ಲಿ ನಾವೂ ಆಡಿಸಿದ್ದೇವೆ.) ಅದಕ್ಕೆ ಗೊತ್ತಿರೋ ಮಾತಲ್ಲೇ ಹೇಳಿ: ‘ಐರನ್ ಅಂದ್ರೆ ಕಬ್ಬಿಣ. ಗಟ್ಟಿ, ಭಾರ; ನೆನೆದರೆ ತುಕ್ಕು ಹಿಡಿಯುತ್ತೆ, ಅಯಸ್ಕಾಂತಕ್ಕೆ ಅಂಟುತ್ತೆ.’ 1923ರಲ್ಲಿ ಇಲ್ಲಿನ ಕಾರ್ಖಾನೆ ಮಲೆನಾಡಿನ ಕಟ್ಟಿಗೆಯ ಇದ್ದಿಲು ಉರಿಸಿ ಅದಿರಿನಿಂದ ತೆಗೆಯೋಕೆ ಶುರು ಮಾಡಿದ್ದು ಇದನ್ನೇ.

‘ಹಂಗಾದ್ರೆ ಬಟ್ಟೆ ಐರನ್ ಮಾಡೋದು?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಇಸ್ತ್ರಿಪೆಟ್ಟಿಗೆ ಕಬ್ಬಿಣದ್ದಿತ್ತು, ಅದೇ ಹೆಸರು ಉಳೀತು ಅನ್ನಿ. ಶಾಲೆಯಲ್ಲಿ ಕೊಡೋ ಐರನ್ ಮಾತ್ರೆ? ಮೊಳೆ ನುಂಗಿದ ಹಾಗಲ್ಲ. ನಮ್ಮ ರಕ್ತದಲ್ಲೂ ಚೂರು ಕಬ್ಬಿಣ ಇದೆ, ಅದು ಕಮ್ಮಿಯಾದ್ರೆ ಆಟದಲ್ಲಿ ಬೇಗ ಸುಸ್ತಾಗುತ್ತೆ.