ಶಾಲೆಗೂ ಒಂದು ವಾರ್ಷಿಕ ಪರೀಕ್ಷೆ

ಸಹಪಾಠಿಗಳೇ, ಮಾರ್ಚ್ ತಿಂಗಳು ಬಂತೆಂದರೆ ನಮಗೆ ವಾರ್ಷಿಕ ಪರೀಕ್ಷೆ. ಹಾಗೆಯೇ ನಾವು ಕೂತು ಓದುವ ಕಟ್ಟಡಕ್ಕೂ ವರ್ಷಕ್ಕೊಂದು ಪರೀಕ್ಷೆ ಆಗಬೇಕು. ಅದಕ್ಕೆ ಅಗ್ನಿ ಸುರಕ್ಷತಾ ತಪಾಸಣೆ ಅಂತ ಹೆಸರು. ಅದರಲ್ಲಿ ಪ್ರಶ್ನೆ ಒಂದೇ: ಬೆಂಕಿ ಬಿದ್ದರೆ ಇಲ್ಲಿರುವ ಮಕ್ಕಳೆಲ್ಲ ಜೀವಸಹಿತ ಹೊರಗೆ ಬರಬಹುದೇ?

“ನಮ್ಮ ಹಳ್ಳಿ ಶಾಲೆಗೆ ಎಲ್ಲಿಯ ಬೆಂಕಿ? ಇದೇನು ಸಿನಿಮಾ ಟಾಕೀಸೇ?” ಅಂತ ಕೆಲವರು ನಗಬಹುದು. ಅವರು ಕುಂಭಕೋಣಂ ವಿಷಯ ತಿಳಿಯಬೇಕು.

ಕೊಡಗಿನಲ್ಲಿ ಹುಟ್ಟಿದ ನಮ್ಮ ಕಾವೇರಿ ಮುಂದೆ ತಮಿಳುನಾಡಿನ ತಂಜಾವೂರು ಜಿಲ್ಲೆಯಲ್ಲಿ ಹರಿಯುತ್ತಾಳಲ್ಲ, ಅಲ್ಲಿರುವ ಊರು ಕುಂಭಕೋಣಂ. 2004ನೇ ಇಸವಿ ಜುಲೈ 16, ಶುಕ್ರವಾರ. ಅಲ್ಲಿನ ಒಂದು ಶಾಲೆಯಲ್ಲಿ ಪಾಠ ನಡೀತಾ ಇತ್ತು, ಅಡುಗೆ ಮನೆಯಲ್ಲಿ ಮಧ್ಯಾಹ್ನದ ಊಟ ಬೇಯುತ್ತಾ ಇತ್ತು. ಒಲೆಯ ಬೆಂಕಿ ಅಡುಗೆ ಮನೆಯ ಗರಿಯ ಸೂರಿಗೆ ಹತ್ತಿಕೊಂಡಿತು. ಅಲ್ಲಿಂದ ಮೇಲಂತಸ್ತಿನ ತರಗತಿಗಳ ಸೂರಿಗೆ ಹಾರಿತು. ಅದೂ ಗರಿಯದೇ, ಬಿದಿರಿನ ಗಳುಗಳ ಮೇಲೆ ನಿಂತದ್ದು. ಉರಿಯುವ ಸೂರು ಮಕ್ಕಳ ಮೇಲೆ ಕುಸಿಯಿತು. 94 ಮಕ್ಕಳು ತೀರಿಕೊಂಡರು. ನಮ್ಮ ತಮ್ಮ ತಂಗಿಯರ ವಯಸ್ಸಿನ, ಪ್ರಾಥಮಿಕ ಶಾಲೆಯ ಮಕ್ಕಳು.

ಆ ಕಟ್ಟಡದಲ್ಲಿ ಮೆಟ್ಟಿಲು ಕಿರಿದು, ಕಿಟಕಿ ಕಡಿಮೆ, ಒಳಗೆ ಬರಲೂ ಹೊರಗೆ ಹೋಗಲೂ ಒಂದೇ ದಾರಿ. ಮೇಲೆ ಗರಿ, ಪಕ್ಕದಲ್ಲೇ ಒಲೆ. ಇದರಲ್ಲಿ ಯಾವುದೂ ಆ ದಿನ ಬೆಳಿಗ್ಗೆ ಹೊಸದಾಗಿ ಬಂದದ್ದಲ್ಲ. ದಿನಾ ಎಲ್ಲರ ಕಣ್ಣೆದುರಿಗೆ ಇತ್ತು. ಕಂಡುಹಿಡಿಯಲು ಯಂತ್ರ ಬೇಡ, ವಿಜ್ಞಾನಿ ಬೇಡ. ಒಬ್ಬರು ಬಂದು ನೆಟ್ಟಗೆ ನೋಡಿ “ಇದು ಆಗುವುದಿಲ್ಲ, ತೆಗೆಯಿರಿ” ಅಂದಿದ್ದರೆ ಸಾಕಿತ್ತು. ತಪಾಸಣೆ ಅಂದರೆ ಇಷ್ಟೇ. ಕಾಗದಕ್ಕೆ ಸಹಿ ಹಾಕಿ ಚಹಾ ಕುಡಿದು ಹೋಗುವುದು ತಪಾಸಣೆ ಅಲ್ಲ ಅಂತ ನನ್ನ ಅಭಿಪ್ರಾಯ.

ಈ ದುರಂತದ ನಂತರ ಅವಿನಾಶ್ ಮೆಹ್ರೋತ್ರಾ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. 2009ರ ಏಪ್ರಿಲ್ 13ರಂದು ತೀರ್ಪು ಬಂತು. ಎಲ್ಲಾ ಸರ್ಕಾರಿ ಮತ್ತು ಖಾಸಗಿ ಶಾಲೆಗಳಲ್ಲಿ 6 ತಿಂಗಳೊಳಗೆ ಬೆಂಕಿ ಆರಿಸುವ ಸಾಧನ ಇಡಬೇಕು, ಅದನ್ನು ಬಳಸಲು ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿ ಕೊಡಬೇಕು, ಬೇಗ ಉರಿಯುವ ವಸ್ತುಗಳನ್ನು ಶಾಲೆಯಲ್ಲಿ ಇಡಬಾರದು, ಕಟ್ಟಡವನ್ನು ಆಗಾಗ ಪರಿಶೀಲಿಸಬೇಕು ಎಂದು ಅದರಲ್ಲಿ ಹೇಳಿದೆ. ಗಮನಿಸಿ, ಸರ್ಕಾರಿ ಶಾಲೆಗೂ ವಿನಾಯಿತಿ ಇಲ್ಲ.

ಈಗ ತಪಾಸಣೆಯಲ್ಲಿ ಏನೇನು ನೋಡುತ್ತಾರೆ ತಿಳಿಯೋಣ. ಮೊದಲು ಬಾಗಿಲು. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಹೊರಹೋಗುವ ಬಾಗಿಲು ಕನಿಷ್ಠ 1 ಮೀಟರ್ ಅಗಲ ಇರಬೇಕು, ಹೊರಕ್ಕೆ ತೆರೆಯಬೇಕು, ಒಳಗಿನಿಂದ ತೆಗೆಯಲು ಚಾವಿ ಬೇಕಾಗಬಾರದು. ಹೊರಕ್ಕೆ ಯಾಕೆ? ಗಾಬರಿಯಿಂದ 40 ಜನ ಒಮ್ಮೆಗೇ ನುಗ್ಗಿದರೆ ಒಳಕ್ಕೆ ತೆರೆಯುವ ಬಾಗಿಲನ್ನು ಎಳೆಯಲು ಜಾಗವೇ ಇರುವುದಿಲ್ಲ. ಮುಂದಿನವರು ಬಾಗಿಲಿಗೆ ಅಂಟಿಕೊಂಡು ನಿಂತುಬಿಡುತ್ತಾರೆ. ಶಾಲೆಯ ಮೆಟ್ಟಿಲು ಒಂದೂವರೆ ಮೀಟರ್, ಅಂದರೆ ಸುಮಾರು 5 ಅಡಿ ಅಗಲ ಇರಬೇಕು. ಗಣಿತದ ಪಿರಿಯಡ್ಡಿನಲ್ಲಿ ಟೇಪು ಹಿಡಿದು ಅಳೆದು ನೋಡಬಹುದು. ಹಿಂದಿನ ಬಾಗಿಲಿಗೆ ಮುರಿದ ಬೆಂಚು ಒರಗಿಸಿ ಇಡುವುದು ನಮ್ಮ ಕಡೆಯ ಶಾಲೆಗಳಲ್ಲಿ ಸಾಮಾನ್ಯ. ಗುರುಗಳು ಬೇಸರ ಮಾಡಿಕೊಳ್ಳಬಾರದು, ಅದನ್ನು ಬಾಗಿಲು ಅಂತ ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ.

ಎರಡನೆಯದು ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರ್. ಬೆಂಕಿಗೆ ಉರುವಲು, ಆಮ್ಲಜನಕ, ಶಾಖ ಈ ಮೂರೂ ಬೇಕೆಂದು ವಿಜ್ಞಾನದಲ್ಲಿ ಓದಿದ್ದೇವೆ. ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ಆದರೆ ಸಿಲಿಂಡರಿನಲ್ಲಿ ಒತ್ತಡವೇ ಇಲ್ಲದಿದ್ದರೆ ಅದು ಬರೀ ಅಲಂಕಾರ. ಪುಡಿ ತುಂಬಿದ ಸಿಲಿಂಡರಿನ ಕತ್ತಿನಲ್ಲಿ ಚಿಕ್ಕ ಗಡಿಯಾರದಂಥದ್ದು ಇರುತ್ತದೆ. ಅದರ ಮುಳ್ಳು ಹಸಿರು ಭಾಗದಲ್ಲಿ ಇರಬೇಕು. ಕೆಂಪಿಗೆ ಇಳಿದಿದ್ದರೆ ಹೆಡ್‌ಮಾಸ್ಟರಿಗೆ ಹೇಳಿ. ಕಾರ್ಬನ್ ಡೈ ಆಕ್ಸೈಡ್ ತುಂಬಿದ್ದಕ್ಕೆ ಮುಳ್ಳು ಇರುವುದಿಲ್ಲ, ಅದನ್ನು ತೂಕ ಮಾಡಿಯೇ ನೋಡಬೇಕು. ಪಿನ್ನು, ಸೀಲು, ಪೈಪು, ಹಿಂದಿನ ಸಲ ಪರೀಕ್ಷಿಸಿದ ತಾರೀಖು ಬರೆದ ಚೀಟಿ ಸಹ ನೋಡುತ್ತಾರೆ. ಶಾಲೆಯಲ್ಲಿಡುವ ಗಾತ್ರದ್ದು ಅರ್ಧ ನಿಮಿಷವೂ ಚಿಮ್ಮುವುದಿಲ್ಲ. ಆದ್ದರಿಂದ ಉರಿಯ ತುದಿಗಲ್ಲ, ಬುಡಕ್ಕೆ ಹಿಡಿಯಬೇಕು.

ಮೂರನೆಯದೇ ನಮಗೆ ಮುಖ್ಯ, ಬಿಸಿಯೂಟದ ಕೋಣೆ. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿಕೊಂಡು ಕೂರುತ್ತದೆ. ಅದಕ್ಕೇ ಗಾಳಿ ಹೋಗುವ ಕಿಂಡಿ ಕೆಳಗೂ ಇರಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿ ತೆರೆಯಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ತಾರೀಖು ಪೈಪಿನ ಮೇಲೇ ಇರುತ್ತದೆ. ಒಗ್ಗರಣೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಒಲೆ ಆರಿಸಿ ತಟ್ಟೆ ಮುಚ್ಚಬೇಕು. ನಮ್ಮ ಅಡುಗೆಯ ಅಕ್ಕಂದಿರಿಗೆ ಇದೆಲ್ಲ ಗೊತ್ತಿರುತ್ತದೆ, ನಮಗೇ ಗೊತ್ತಿರುವುದಿಲ್ಲ.

ಶಾಲಾ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸುವವರಿಗೂ ಒಂದು ಮಾತು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಒಂದು ಶಾಲೆಯ ಸಮಾರಂಭದ ಪೆಂಡಾಲಿಗೆ ಬೆಂಕಿ ಬಿದ್ದು 400ಕ್ಕಿಂತ ಹೆಚ್ಚು ಜನ ಸತ್ತರು. ಹಾಸ್ಟೆಲಿನಲ್ಲಿ ಇರುವವರು ರಾತ್ರಿ ಹೊರಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿ ಇಟ್ಟುಕೊಳ್ಳಿ.

ತಪಾಸಣೆ ವರ್ಷದಲ್ಲಿ ಒಂದು ದಿನ. ಬೆಂಚು ಬಂದು ಬಾಗಿಲಿಗೆ ಒರಗುವುದು ಉಳಿದ 364 ದಿನಗಳಲ್ಲಿ. ಆದ್ದರಿಂದ ಶಾಲೆಯ ಮಂತ್ರಿಮಂಡಲ ತಿಂಗಳಿಗೊಮ್ಮೆ ಸುತ್ತು ಹಾಕಿ ಬರೆದಿಡಬೇಕು ಅಂತ ನನ್ನ ಸಲಹೆ. ಜೊತೆಗೆ ಅಣಕು ಕವಾಯತು. ಉದ್ದ ಗಂಟೆ ಬಾರಿಸಿದ ಕೂಡಲೇ ಚೀಲ ಬಿಟ್ಟು ಸಾಲಾಗಿ ಧ್ವಜಸ್ತಂಭದ ಹತ್ತಿರ ಹೋಗುವುದು. ಹೊಗೆ ಇದ್ದರೆ ಬಗ್ಗಿ ನಡೆಯುವುದು, ಯಾಕೆಂದರೆ ಬಿಸಿ ಹೊಗೆ ಮೇಲೆ ಇರುತ್ತದೆ, ಉಸಿರಾಡುವ ಗಾಳಿ ಕೆಳಗೆ ಇರುತ್ತದೆ. ಒಬ್ಬರು 101 ಅಥವಾ 112ಕ್ಕೆ ಫೋನ್ ಮಾಡಿ ಊರಿನ ಹೆಸರು, ಬರುವ ದಾರಿ ಹೇಳಬೇಕು. ತರಗತಿಯ ಶಿಕ್ಷಕರು ಹಾಜರಿ ಪುಸ್ತಕ ಮಾತ್ರ ತೆಗೆದುಕೊಂಡು ಬಂದು ಧ್ವಜಸ್ತಂಭದ ಬಳಿ ಹೆಸರು ಕೂಗಬೇಕು. ಯಾರಾದರೂ “ಹಾಜರ್” ಅನ್ನದಿದ್ದರೆ ಅವರು ಯಾವ ಕೋಣೆಯಲ್ಲಿದ್ದರು ಎಂಬುದನ್ನು ಅಗ್ನಿಶಾಮಕದವರಿಗೆ ಮೊದಲು ಹೇಳಬೇಕು.